ಉಷ್ಣದ ಗುಳ್ಳೆ ಅಂದವರು

"ಜಾತಕ ಕೂಡಿದ್ರೆ ಸಾಲದು. ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಲೈಂಗಿಕ ರೋಗದ್ದು!"

ಹೆಣ್ಣು ನೋಡಲು ಕಡಹಿನಬೈಲಿಗೆ ಬಂದಿದ್ದ ವೀರೇಶ್ ದಂಗಾದ. ಹಿರಿಯರು ಅವನನ್ನೂ ಹುಡುಗಿ ದೀಕ್ಷಾಳನ್ನೂ ಮಾತಾಡಿಕೊಳ್ಳಲು ಹಿತ್ತಲಿಗೆ ಕಳಿಸಿ ಇನ್ನೂ ಕಾಫಿ ಆರಿರಲಿಲ್ಲ.

"ನನ್ನನ್ನ ಎಂಥವನು ಅಂದ್ಕೊಂಡಿದೀರಿ?"

"ಗೊತ್ತಿಲ್ಲ. ಅದಕ್ಕೇ ಕೇಳಿದ್ದು." ದೀಕ್ಷಾ ಸಿಟ್ಟಿನಿಂದಲೇ ಹೇಳಿದಳು.

"ಜೆಸಿಬಿ ಓಡ್ಸಿ ಮರ್ಯಾದೆಯಿಂದ ಬದುಕೋನು ನಾನು. ಊರಲ್ಲಿ ಯಾರನ್ನ ಬೇಕಾದ್ರೂ ವಿಚಾರಿಸಿ!"

"ಊರೋರು ನಿಮ್ಮ ರಕ್ತ ನೋಡಿದಾರಾ?"

ಅವನು ಲೋಟ ಕುಕ್ಕಿ ಹೊರಟೇಬಿಟ್ಟ. ಬಂದವರೆಲ್ಲ ಅವನ ಹಿಂದೆಯೇ ಹೋದರು.

"ಮಾನ ಕಳೆದ್ಯಲ್ಲೇ!" ತಾಯಿ ಶಂಕರಮ್ಮ ಹಣೆ ಚಚ್ಚಿಕೊಂಡರು. "ಯಾವ ಹುಡುಗಿ ಹಿಂಗೆ ಕೇಳ್ತಾಳೆ?"

"ಅಕ್ಕ ಕೇಳ್ಲಿಲ್ಲ ಅಮ್ಮಾ... ಏನಾಯ್ತು ಹೇಳು!"

ಶಂಕರಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಅಕ್ಕ ಭಾಗ್ಯಳ ಗಂಡ ಕುಮಾರನಿಗೆ ಗುಪ್ತಾಂಗದಲ್ಲಿ ಹುಣ್ಣಾಗಿತ್ತು. ಉಷ್ಣದ ಗುಳ್ಳೆ ಎಂದು ಎಳನೀರು ಕುಡಿದ, ನೆತ್ತಿಗೆ ಹರಳೆಣ್ಣೆ ಹಚ್ಚಿದ. ಹುಣ್ಣು ತಾನಾಗಿಯೇ ಮಾಯಿತು. ರೋಗ ಮಾತ್ರ ಒಳಗೇ ಉಳಿದು ಭಾಗ್ಯಳಿಗೆ ದಾಟಿತು. ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ ಡಾಕ್ಟರು ಸಿಫಿಲಿಸ್ ಎಂದರು, ಅವಳಿಗೆ ಇಂಜೆಕ್ಷನ್ ಕೊಟ್ಟರು, ಗಂಡನನ್ನೂ ಕರೆತರಲು ಹೇಳಿದರು.

"ಗಂಡಸಿಗೆ ಎಂತ ಪರೀಕ್ಷೆ ಮಾರಾಯ್ತಿ?" ಎಂದ ಕುಮಾರ.

ರೋಗ ಅವನಿಂದ ಮತ್ತೆ ಅವಳಿಗೇ ಬಂತು. ಎರಡನೇ ಮಗುವೂ ಹೋಯಿತು. ಊರವರು ಹಳಿದದ್ದು ಭಾಗ್ಯಳ ಗ್ರಹಚಾರವನ್ನು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ವೀರೇಶ್ ದೀಕ್ಷಾಳಿಗೆ ನೋಡಿದೊಡನೆ ಹಿಡಿಸಿದ್ದ. 'ಇವನೂ ಅಂಥವನೇನಾ?' ಎಂಬ ಉರಿ ಅದಕ್ಕೇ ಅಷ್ಟು ಹೆಚ್ಚು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎನ್.ಆರ್.ಪುರದ ಅವಳ ಟೈಲರಿಂಗ್ ಅಂಗಡಿಯ ಬಾಗಿಲಲ್ಲಿ ಅವನು ನಿಂತಿದ್ದ.

"ನಿಮ್ಮ ಬಾಯಿ ಮುಚ್ಚಿಸ್ಬೇಕು ಅಂತಲೇ ಕೊಪ್ಪಕ್ಕೆ ಹೋಗಿ ಪರೀಕ್ಷೆ ಮಾಡಿಸ್ದೆ."

"ಮತ್ತೆ?"

ಅವನ ತಲೆ ತಗ್ಗಿತು. "ಇತ್ತು... ಸಿಫಿಲಿಸ್."

ದೀಕ್ಷಾ ಹೊಲಿಯುವುದನ್ನು ನಿಲ್ಲಿಸಿದಳು.

"ಹಿಂದೆ ಒಬ್ಬಳ ಜೊತೆ ಸಂಬಂಧ ಇತ್ತು. ಆಮೇಲೆ ಒಂದು ಗುಳ್ಳೆ ಆಯ್ತು, ನೋವಿರ್ಲಿಲ್ಲ. ಇಂಜಿನ್ ಬಿಸಿಗೆ ಉಷ್ಣ ಆಗಿದೆ ಅಂತ ಮಜ್ಜಿಗೆ ಕುಡಿದು ಸುಮ್ಮನಾದೆ. ಈಗ ಇಂಜೆಕ್ಷನ್ ಆಗಿದೆ. ಅವಳಿಗೂ ಫೋನ್ ಮಾಡಿ ಪರೀಕ್ಷೆ ಮಾಡಿಸ್ಕೋ ಅಂದೆ. ವಾಸಿ ಆಯ್ತಾ ಅಂತ ಮತ್ತೆ ರಕ್ತ ನೋಡ್ಬೇಕಂತೆ. ನೀವು ಕೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

"ಇದನ್ನೆಲ್ಲ ನಂಗ್ಯಾಕೆ ಹೇಳ್ತಿದೀರಿ? ನನ್ನ ಅಕ್ಕನ ಎರಡು ಮಕ್ಕಳನ್ನ ತಿಂದಿದ್ದು ಇದೇ ಉಷ್ಣ, ಗೊತ್ತಾ? ಊರೋರು ಆಡ್ಕೊಂಡಿದ್ದು ಅಕ್ಕನ್ನ. ಬಾವ ಇವತ್ತಿಗೂ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ!"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಒಂದು ಹೆಜ್ಜೆ ಒಳಗೆ ಬಂದ.

"ನಿಮ್ಮ ಬಾವ ಈಗ ಮನೇಲಿ ಸಿಗ್ತಾರಾ?"

"ಯಾಕೆ?"

"ನಂಗೂ ಇತ್ತು ಅಂತ ಹೇಳಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

"ಬಾವನ ಬಾಯಿಗೆ ಬಿದ್ರೆ ಊರೆಲ್ಲ ಗೊತ್ತಾಗುತ್ತೆ!"

"ಆಗ್ಲಿ ಬಿಡಿ. ನಿಮ್ಮಕ್ಕನ್ನ ಆಡ್ಕೊಂಡೋರು ನನ್ನನ್ನೂ ಆಡ್ಕೊಳ್ಲಿ."

ದೀಕ್ಷಾ ಕಣ್ಣೊರೆಸಿಕೊಂಡು ಅಂಗಡಿಯ ಶಟರ್ ಎಳೆದಳು.

"ಇನ್ನೂ ಸಿಟ್ಟಿದ್ಯಾ ನನ್ನ ಮೇಲೆ?" ಅವನು ಮೆಲ್ಲಗೆ ಕೇಳಿದ.

"ತುಂಬಾ!"

"ಮತ್ತೆ ಮದುವೆ...?"

"ಇನ್ನೊಂದು ಸಲ ರಕ್ತ ನೋಡೋವರೆಗೆ ಇಲ್ಲ. ಅಲ್ಲಿವರೆಗೆ ನಾನು ಬೇರೆ ಯಾವ ಗಂಡನ್ನೂ ನೋಡಲ್ಲ... ನಡೀರಿ, ನಾನೂ ಬರ್ತೀನಿ."