ಕಂಬಿ ಗುಡಿಸುವ ಗಾಡಿ

"ಮೇಡಮ್, ನಿಮ್ಮ ಜಡೇಲಿ ಹುಣಸೆ ಎಲೆ ಇದೆ."

ಮಂಡಿನೋವಿನ ಮುಲಾಮು ಕೊಳ್ಳಲು ಬಂದ ಗಂಡಸು ಹೀಗೆಂದರೆ ಯಾವ ಹೆಣ್ಣಿಗೆ ತಾನೇ ಸಿಟ್ಟು ಬರುವುದಿಲ್ಲ? ಶಶಿರೇಖ ತಲೆಯೆತ್ತಿ ನೋಡಿದಳು. ರಾಬರ್ಟ್‌ಸನ್‌ಪೇಟೆಯ ಆ ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ನಿಂತೇ ಇದ್ದವಳಿಗೆ ಸಿಟ್ಟು ಮಾಡಿಕೊಳ್ಳುವಷ್ಟು ಕಸುವೂ ಉಳಿದಿರಲಿಲ್ಲ.

"ಮುಲಾಮು ಬೇಕಾ, ಎಲೆ ಬೇಕಾ?" ಎಂದಳು.

"ಮುಲಾಮೇ. ಅಮ್ಮನಿಗೆ." ಅವನ ಮುಖ ಕೆಂಪಾಯಿತು. "ಹೋದ ಸಲ ಬಂದಾಗ್ಲೂ ಇತ್ತು. ಅದಕ್ಕೆ ಹೇಳ್ದೆ."

"ದಿನಾ ಇರುತ್ತೆ. ಬೆಳಿಗ್ಗೆ ಎದ್ದು ರೈಲು ಕಂಬಿ ಗುಡಿಸಿ ಬರ್ತೀನಿ."

ಅವನು ಅವಳ ಬಿಳಿ ಕೋಟು ನೋಡಿದ, ಕಣ್ಣ ಕೆಳಗಿನ ಕಪ್ಪು ನೋಡಿದ. "ಅಯ್ಯೋ, ರೈಲ್ವೇಲೂ ಕೆಲಸ ಮಾಡ್ತೀರಾ? ಎರಡೆರಡು ಕಡೆ ದುಡಿದ್ರೆ ಮೈ ಏನಾಗ್ಬೇಕ್ರೀ?"

ಆ ದನಿಯಲ್ಲಿದ್ದದ್ದು ನಿಜವಾದ ಮರುಕ. ಶಶಿರೇಖಳಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಕೌಂಟರಿನ ಶ್ಯಾಮಲ, ಈ ಅಂಗಡಿಯಲ್ಲಿ ಶಶಿಯಕ್ಕ ನಗುವುದೂ ಉಂಟೇ ಎಂಬಂತೆ ತಿರುಗಿ ನೋಡಿದಳು.

ವಿಷಯ ಇಷ್ಟೇ. ಅವಳ ಅಪ್ಪ ಓಂಕಾರಪ್ಪ, ಬಂಗಾರಪೇಟೆಯಿಂದ ಕೋಲಾರದ ಕಡೆಗೆ ಹೋಗುತ್ತಿದ್ದ ಸಣ್ಣ ರೈಲಿಗೆ ಕಂಬಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ಆಗಿದ್ದವರು. ಆ ಸಣ್ಣ ಕಂಬಿ ಕಿತ್ತು ದೊಡ್ಡದು ಹಾಕಿದಾಗ ಊರು ಖುಷಿಪಟ್ಟರೆ ಇವರು ಸಾವಿನ ಮನೆಯವರ ಹಾಗೆ ಓಡಾಡಿದರು. ಆಮೇಲೆ ಬಂಗಾರಪೇಟೆಯ ತಮ್ಮ ಮನೆಯ ಹಿತ್ತಿಲಲ್ಲಿ ಹುಣಸೆಮರ ಸುತ್ತಿ, ಬಾವಿಕಟ್ಟೆ ದಾಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಾದು ಬರುವ ತಮ್ಮದೇ ಒಂದು ಲೈನು ಹಾಕಿಕೊಂಡರು. ಅಂಗೈ ಅಗಲದ ಕಂಬಿ, ಮೊಣಕೈ ಉದ್ದದ ಇಂಜಿನ್ನು, ಕಂಬಿಯಲ್ಲೇ ಹರಿದು ಬರುವ ಕರೆಂಟು. ಯಾರಾದರೂ ಆಟಿಕೆ ಎಂದರೆ ಅವರಿಗೆ ಕೋಪ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋದ ಮೇಲೆ, ಸಂಜೆ ಕುರ್ಚಿಯಲ್ಲಿ ಕೂತು ಆ ಗಾಡಿ ಓಡುವುದನ್ನು ನೋಡುವುದೊಂದೇ ಅವರಿಗೆ ಉಳಿದ ಸುಖ.

ಹುಣಸೆಮರಕ್ಕೆ ಇದೆಲ್ಲ ಏನು ಗೊತ್ತು? ಅದು ಪುಡಿಪುಡಿ ಎಲೆ ಉದುರಿಸುತ್ತಲೇ ಇರುತ್ತದೆ. ಅಳಿಲು ಕಚ್ಚಿ ಬಿಸಾಕಿದ ಹಣ್ಣಿನ ಅಂಟು ಕಂಬಿಗೆ ಮೆತ್ತಿಕೊಂಡರೆ ಕರೆಂಟು ಹರಿಯದೆ ಇಂಜಿನ್ನು ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತದೆ. ಹಾಗಾಗಿ ಶಶಿರೇಖ ಬೆಳಿಗ್ಗೆ ಅಂಗಡಿಗೆ ಹೋಗಲು ಮಾರಿಕುಪ್ಪಂ ಟ್ರೇನು ಹಿಡಿಯುವ ಮೊದಲು, ಮತ್ತೆ ಸಂಜೆ ಮನೆಗೆ ಬಂದು ಚೀಲ ಇಟ್ಟ ಮೇಲೆ, ನಡು ಬಗ್ಗಿಸಿ ಇಡೀ ಲೈನು ಗುಡಿಸಿ ಒರೆಸಬೇಕು. ಇನ್ನೂ ನಲವತ್ತಾಗಿರಲಿಲ್ಲ, ಸೊಂಟ ಮಾತ್ರ ಮುಲಾಮು ಕೊಳ್ಳಲು ಬರುವವರ ಸೊಂಟಕ್ಕಿಂತ ಕಡೆಯಾಗಿತ್ತು.

"ಅದಕ್ಕೊಂದು ಗಾಡಿ ಮಾಡಿದ್ರಾಯ್ತಲ್ಲ," ಎಂದ ಅವನು, ಎಲ್ಲ ಕೇಳಿ. "ಎಲೆ ತಳ್ಳೋಕೊಂದು, ಕಂಬಿ ಉಜ್ಜೋಕೊಂದು. ನಾನು ಕಾರ್ಖಾನೇಲಿ ಫಿಟ್ಟರು, ಕಾಂತರಾಜ್ ಅಂತ."

"ನೀವ್ಯಾಕೆ ಮಾಡ್ಕೊಡ್ತೀರಾ?"

ಅವನು ತಲೆ ಕೆರೆದುಕೊಂಡ. "ಆ ಎಲೆ ನೋಡಿ ನೋಡಿ ಸಾಕಾಯ್ತು ಅನ್ಕೊಳ್ಳಿ."

ಭಾನುವಾರ ಅವನು ಬಂದ. ಓಂಕಾರಪ್ಪ ಅವನ ಕುಲಗೋತ್ರ ಕೇಳಲಿಲ್ಲ. ಹುಣಸೆಮರದ ಮೊಳೆಗೆ ನೇತುಹಾಕಿದ್ದ ಒಂದು ಹಿತ್ತಾಳೆ ಬಿಲ್ಲೆಯನ್ನು ಎಡಗೈಯಲ್ಲಿ ತೋರಿಸಿದರು.

"ಮೊದ್ಲು ಬಿಲ್ಲೆ ತಗೋ. ಆಮ್ಯಾಕೆ ಲೈನು ಮುಟ್ಟು."

ಒಂಟಿ ಲೈನಿನ ಹಳೆಯ ಪದ್ಧತಿ ಅದು. ಬಿಲ್ಲೆ ಯಾರ ಕೈಲಿದೆಯೋ ಲೈನು ಅವರದು. ಅದು ಮೊಳೆಗೆ ವಾಪಸ್ಸು ಬರುವವರೆಗೆ ಬೇರೆ ಯಾವ ಗಾಡಿಯೂ ಹೊರಡುವಂತಿಲ್ಲ. ಗುಡಿಸುವಾಗ ಶಶಿರೇಖ ಕೂಡ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕಿತ್ತು. ಕಾಂತರಾಜ್ ನಗಲಿಲ್ಲ. "ಆಯ್ತು ಸಾರ್" ಎಂದು ಬಿಲ್ಲೆಯನ್ನು ಶರ್ಟಿನ ಜೇಬಿಗೆ ಹಾಕಿಕೊಂಡ. ಅವನು ನಗದೇ ಇದ್ದದ್ದನ್ನು ಅಡುಗೆಮನೆಯ ಕಿಟಕಿಯಿಂದ ಅವಳು ನೋಡಿದಳು. ಅಷ್ಟಕ್ಕೇ ಎದೆಯಲ್ಲಿ ಏನೋ ಸಡಿಲವಾಯಿತು.

ಮೊದಲ ಗಾಡಿಗೆ ಮುಂದೆ ತಗಡಿನ ಚೂಪು ಮೂತಿ. ಅದು ಎಲೆಗಳನ್ನು ರಾಶಿ ಮಾಡಿ, ಬಾವಿಕಟ್ಟೆಯ ತಿರುವಿನಲ್ಲಿ ತಾನೇ ಆ ರಾಶಿ ಹತ್ತಿ ಮಗುಚಿಕೊಂಡಿತು.

"ಕಾರ್ಖಾನೇಲೂ ಇಂಥವೇ ಮಾಡ್ತೀರಾ?" ಎಂದು ಕಾಫಿ ಕೊಡುತ್ತ ಕೇಳಿದಳು.

"ಅಲ್ಲಿ ಯಾರೂ ನಿಂತ್ಕೊಂಡು ನೋಡಲ್ವಲ್ಲ. ಕೈ ನಡುಗಲ್ಲ."

ಲೋಟ ತೆಗೆದುಕೊಳ್ಳುವಾಗ ಅವನ ಕೈ ನಡುಗುತ್ತಿರಲಿಲ್ಲ. ಕಣ್ಣು ಮಾತ್ರ ಲೋಟದ ಮೇಲೆ ಒಂದು ಗಳಿಗೆ, ಅವಳ ಮುಖದ ಮೇಲೆ ಒಂದು ಗಳಿಗೆ ಇದ್ದು, ತಪ್ಪು ಮಾಡಿದ್ದು ಸಿಕ್ಕಿಬಿದ್ದಂತೆ ಕಂಬಿಯ ಕಡೆ ಓಡಿತು. ಅವಳು ಸೆರಗು ಸರಿ ಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

ಎರಡನೆಯ ಗಾಡಿಗೆ ಬಾಟಲಿ ತೊಳೆಯುವ ಬ್ರಷ್ಷು ಅಡ್ಡ ಹಾಕಿ, ಚಕ್ರದ ಅಚ್ಚಿಗೆ ರಬ್ಬರ್ ಬ್ಯಾಂಡ್ ಬಿಗಿದಿದ್ದ. ಇಂಜಿನ್ನು ತಳ್ಳಿದ ಹಾಗೆ ಬ್ರಷ್ಷು ಗಿರಗಿರ ತಿರುಗಿ ಎಲೆಗಳನ್ನೆಲ್ಲ ಎತ್ತಿ ಓಂಕಾರಪ್ಪನವರ ಮುಖಕ್ಕೇ ಎರಚಿತು. ಶಶಿರೇಖ ಗಾಬರಿಯಿಂದ ಓಡಿಬಂದರೆ, ಅಪ್ಪ ಒಂದು ಕಡೆ ಸೊಟ್ಟಗಾದ ಬಾಯಿ ತೆರೆದು ನಗುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಅವಳು ಬಾವಿಕಟ್ಟೆ ಹಿಡಿದು ನಿಂತು ಅತ್ತುಬಿಟ್ಟಳು. ಕಾಂತರಾಜ್ ತಲೆ ಬಗ್ಗಿಸಿ ರಬ್ಬರ್ ಬ್ಯಾಂಡ್ ಬಿಚ್ಚುತ್ತ ಕೂತ.

ಹೀಗೆ ಭಾನುವಾರಗಳು ಬಂದವು. ಅವನೂ ದಣಿದವನೇ. ಅರಸೀಕೆರೆ ಕಡೆಯಿಂದ ಕೆಲಸಕ್ಕೆಂದು ಬಂದ ಅಪ್ಪ ಬೇಗ ತೀರಿಕೊಂಡರು. ತಂಗಿಯರ ಮದುವೆ ಮಾಡುವುದರಲ್ಲಿ ಇವನ ವಯಸ್ಸು ಜಾರಿತ್ತು. ಈಗ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಾಯಿ ಕಾಂತಮ್ಮ, ಇವನು, ಮತ್ತು ಮುಲಾಮಿನ ವಾಸನೆ. ಶಶಿರೇಖಳನ್ನು ನೋಡಲು ಬಂದ ಗಂಡುಗಳೆಲ್ಲ ಕೇಳಿದ್ದು ಒಂದೇ ಮಾತು: ಮದುವೆಯಾದ ಮೇಲೆ ಅಪ್ಪ ಎಲ್ಲಿರ್ತಾರೆ? ಕೊನೆಗೆ ಅವಳೇ ಕಾಫಿ ತಟ್ಟೆ ಹಿಡಿದು ಹೊರಗೆ ಬರುವುದನ್ನು ನಿಲ್ಲಿಸಿದಳು. ಆಸೆ ಪಡುವುದೂ ಒಂದು ದುಡಿಮೆ, ತನ್ನಿಂದ ಆಗದು ಎಂದುಕೊಂಡಿದ್ದಳು. ಇಬ್ಬರೂ ಒಗೆಯುವ ಕಲ್ಲಿನ ಮೇಲೆ ಕೂತು ಹೆಚ್ಚು ಮಾತಾಡದೆ ಗಾಡಿ ನೋಡುವುದೇ ಅವರಿಗೆ ವಿಹಾರವಾಗಿತ್ತು.

"ಸುಸ್ತಾಗಿದ್ದೀರಾ?" ಎಂದು ಅವನು ಕೇಳುತ್ತಿದ್ದ.

"ನೀವು?"

"ಇದ್ದೆ. ಈಗಿಲ್ಲ."

ಕೊನೆಗೊಂದು ಭಾನುವಾರ ಗಾಡಿ ಗೆದ್ದಿತು. ಮುಂದೆ ಬ್ರಷ್ಷಿನ ಡಬ್ಬಿ, ಎಲೆ ಪಕ್ಕಕ್ಕೆ ಬೀಳಲು ಅದಕ್ಕೊಂದು ತಗಡಿನ ಕೊಡೆ. ಇಂಜಿನ್ನಿನ ಹಿಂದೆ ಇನ್ನೊಂದು ಡಬ್ಬಿ. ಅದರ ಹೊಟ್ಟೆಗೆ ಪಾತ್ರೆ ಉಜ್ಜುವ ಹಸಿರು ನಾರಿನ ತುಂಡು, ಬೆನ್ನ ಮೇಲೆ ಕಬ್ಬಿಣದ ಭಾರ. ಹುಣಸೆಮರ ಸುತ್ತಿ, ತಿರುವು ದಾಟಿ, ಎಲ್ಲೂ ನಿಲ್ಲದೆ ಬಂತು. ಹಿಂದೆ ಕಂಬಿ ಹೊಸ ಪಾತ್ರೆಯ ಹಾಗೆ ಹೊಳೆಯಿತು.

"ಇನ್ನು ನೀವು ಬಗ್ಗೋ ಹಾಗಿಲ್ಲ," ಎಂದ ಕಾಂತರಾಜ್. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ಶಶಿರೇಖ ಅವ್ರೇ... ಕಾರ್ಖಾನೇಲಿ ನನ್ನ ಮೈಸೂರಿಗೆ ಹಾಕೋ ಮಾತಾಡ್ತಿದಾರೆ. ಹೋಗ್ತೀಯಾ ಇಲ್ವಾ ಅಂತ ಕೇಳಿದಾರೆ. ಏನ್ ಹೇಳ್ಲಿ?"

ಅವಳಿಗೆ ಅರ್ಥವಾಗದೆ ಇರಲಿಲ್ಲ. ಒಂದು ಮಾತು ಸಾಕಿತ್ತು. ಆದರೆ ಗಂಟಲವರೆಗೆ ಬಂದ ಮಾತನ್ನು ಆ ಹಳೆಯ ದಣಿವು ಹಿಡಿದು ಕೆಳಗಿಳಿಸಿತು. ಇರಿ ಎಂದರೆ ಆಮೇಲೆ ಅವನೂ ಅದೇ ಪ್ರಶ್ನೆ ಕೇಳುತ್ತಾನೆ. ಅಪ್ಪ ಎಲ್ಲಿರ್ತಾರೆ?

"ಒಳ್ಳೇದೇ ಆಯ್ತಲ್ಲ," ಎಂದಳು. "ಮೈಸೂರು ಒಳ್ಳೇ ಊರು."

ಅವನು ಸ್ಕ್ರೂಡ್ರೈವರು, ಇಕ್ಕಳ ಚೀಲಕ್ಕೆ ತುಂಬಿಕೊಂಡ. "ಬರ್ತೀನಿ ಸಾರ್" ಎಂದು ಓಂಕಾರಪ್ಪನವರಿಗೆ ಕೈ ಮುಗಿದು ಸ್ಟೇಷನ್ ಕಡೆ ಹೊರಟುಹೋದ.

ಮಾರನೆಯ ಸಂಜೆ ಅವಳು ಇಂಜಿನ್ನಿನ ಸ್ವಿಚ್ಚಿಗೆ ಕೈ ಹಾಕಿದಾಗ ಅಪ್ಪ ಗದರಿದರು. "ಬಿಲ್ಲೆ ಎಲ್ಲಮ್ಮ?"

ಮೊಳೆ ಬರಿದಾಗಿತ್ತು. ಕೈಗೆ ಸಿಕ್ಕ ನಟ್ಟು ಬೋಲ್ಟುಗಳನ್ನೆಲ್ಲ ಜೇಬಿಗೆ ಹಾಕಿಕೊಳ್ಳುವ ಫಿಟ್ಟರು, ಬಿಲ್ಲೆಯನ್ನೂ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ.

"ಅಪ್ಪ, ಇನ್ನೊಂದು ಮಾಡ್ಕೊಂಡ್ರೆ ಆಗಲ್ವಾ?"

"ಎಲ್ಡು ಬಿಲ್ಲೆ ಇದ್ರೆ ಎಲ್ಡು ಗಾಡಿ ಡಿಕ್ಕಿ ಒಡೀತವೆ. ಅವ್ನು ಲೈನ್ ತಗೊಂಡವ್ನೆ. ಅವ್ನೇ ವಾಪಸ್ ಕೊಡ್ಬೇಕು."

"ಅವ್ರು ಬರಲ್ಲ ಅಪ್ಪ."

"ಕೊಡ್ದೆ ಓಗೋನಲ್ಲ ಅವ್ನು," ಎಂದು ಓಂಕಾರಪ್ಪ ಕಣ್ಣು ಮುಚ್ಚಿಕೊಂಡರು.

ಗಾಡಿ ನಿಂತಿತು. ಅಪ್ಪ ದಿನವೂ ಸಂಜೆ ಕುರ್ಚಿ ಹಾಕಿಸಿಕೊಂಡು, ಓಡದ ಲೈನನ್ನು ನೋಡುತ್ತ ಕೂರುತ್ತಿದ್ದರು. ಬಿಲ್ಲೆ ಇಲ್ಲದೆ ಗುಡಿಸುವಂತೆಯೂ ಇರಲಿಲ್ಲ. ಕಂಬಿ ಎಲೆಯಲ್ಲಿ ಹೂತುಹೋಯಿತು. ಶಶಿರೇಖಳಿಗೆ ಬೆಳಿಗ್ಗೆಯೂ ಸಂಜೆಯೂ ಬಿಡುವು. ಯಾವತ್ತೂ ಸಿಗದಿದ್ದ ಬಿಡುವು. ಆದರೂ ಮೈ ಹಿಂದೆಂದಿಗಿಂತ ಭಾರವಾಗಿತ್ತು. ಮುಲಾಮಿಗೂ ಅವನು ಬರಲಿಲ್ಲ. ಯಾರಾದರೂ ಅಂಗಡಿ ಮೆಟ್ಟಿಲು ಹತ್ತಿದರೆ ಕಣ್ಣು ತಾನೇ ಅತ್ತ ಹೋಗುತ್ತಿತ್ತು.

"ಶಶಿಯಕ್ಕ, ಜಡೇಲಿ ಎಲೇನೇ ಇಲ್ವಲ್ಲ ಈಗ," ಎಂದಳು ಶ್ಯಾಮಲ.

ಆ ಮಾತು ಕೇಳಿದ ಶಶಿರೇಖ ಕೋಟು ಬಿಚ್ಚಿಟ್ಟು, ಅರ್ಧ ದಿನ ರಜೆ ಎಂದು ಮಾಲೀಕರಿಗೆ ಹೇಳಿ, ಆಟೋ ಹತ್ತಿದಳು.

ಕ್ವಾರ್ಟರ್ಸಿನ ಬಾಗಿಲು ತೆಗೆದ ಕಾಂತಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹುಣಸೆ ಎಲೆ ಹುಡುಗಿ ಅಲ್ವಾ? ಬಾಮ್ಮ. ಪಾಳಿ ಮುಗಿಸಿ ಈಗ ಬಂದ. ಹಿಂದ್ಗಡೆ ಇದಾನೆ. ಊಟಾನೂ ಸರಿಯಾಗಿ ಮಾಡ್ತಿಲ್ಲ, ನೀನಾದ್ರೂ ಕೇಳು."

ಅವನು ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ಕೈ ಚಾಚಿದಳು.

"ಬಿಲ್ಲೆ ಕೊಡಿ. ಅಪ್ಪನ ಗಾಡಿ ನಿಂತಿದೆ."

ಅವನು ಜೇಬಿನಿಂದ ತೆಗೆದ. ಹಿತ್ತಾಳೆ ಅವನ ಬೆವರಿಗೆ ಬೆಚ್ಚಗಾಗಿತ್ತು. "ಅವತ್ತು ಮರೆತೇ ತಗೊಂಡ್ಬಂದೆ, ಸತ್ಯ. ಟ್ರೇನಲ್ಲಿ ಗೊತ್ತಾಯ್ತು. ಆಮೇಲೆ ಕೊಡೋಕೆ ಮನಸ್ಸು ಬರಲಿಲ್ಲ. ಇದನ್ನ ವಾಪಸ್ ಕೊಟ್ರೆ ಅಲ್ಲಿ ನನ್ನ ಕೆಲಸ ಮುಗೀತು ಅಂತ ಅಲ್ವಾ? ಸಾರ್‌ಗೆ ಹೀಗೆ ಮಾಡಬಾರದಿತ್ತು. ತಪ್ಪಾಯ್ತು."

"ಮೈಸೂರು?"

"ನಾಳೆ ಹೇಳ್ಬೇಕು."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಂಗಡಿಯ ಮಾತೆಲ್ಲ ಕಳಚಿ ಮನೆಯ ಮಾತು ಬಾಯಿಗೆ ಬಂತು. "ನಂಗೆ ಸುಸ್ತಾಗೈತೆ ಕಾಂತರಾಜ್. ಎಷ್ಟು ಅಂದ್ರೆ, ಇಷ್ಟ ಅಂತ ಬಾಯಿಬಿಟ್ಟು ಏಳೋಕೂ ಆಗಲ್ಲ. ನೀವು ಬಂದ ಭಾನುವಾರ ಮಾತ್ರ ಆ ಸುಸ್ತು ಇರ್ತಿರಲಿಲ್ಲ. ಓಗ್ಬೇಡಿ. ಅಪ್ಪನ್ನ ಬಿಟ್ಟು ನಾನು ಎಲ್ಲೂ ಬರಲ್ಲ, ಅದು ಗೊತ್ತಿದ್ದೂ ಏಳ್ತಿದೀನಿ. ಓಗ್ಬೇಡಿ."

ಕಾಂತರಾಜ್ ಅವಳ ಪಕ್ಕ, ಒಂದು ಮೆಟ್ಟಿಲು ಕೆಳಗೆ ಕೂತ. "ಬಿಟ್ಟು ಬನ್ನಿ ಅಂತ ಯಾರ್ ಕೇಳಿದ್ದು? ನಿಮ್ಮಪ್ಪ ಇಲ್ದೆ ಇದ್ರೆ ನಂಗೆ ಲೈನ್ ಯಾರು ಕೊಡ್ತಾರೆ?" ಎಂದ. "ನಮ್ಮಮ್ಮನಿಗೂ ಮಂಡಿ ನೋವು. ಬಂಗಾರಪೇಟೆ ಮನೇಲಿ ಮೆಟ್ಟಿಲಿಲ್ಲ ಅಂತ ನಾನಾಗ್ಲೇ ನೋಡ್ಕೊಂಡಿದೀನಿ."

"ಯಾವಾಗ ನೋಡಿದ್ರಿ?"

"ಮೊದಲನೇ ಭಾನುವಾರ."

ಅವಳು ಅಳುತ್ತಲೇ ನಕ್ಕಳು. ಒಳಗೆ ಕಾಂತಮ್ಮ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು.

ಊಟ ಮುಗಿಸಿ ಇಬ್ಬರೂ ಟ್ರೇನು ಹತ್ತಿದರು. ಉರಿಗಾಂ ಸ್ಟೇಷನ್ ದಾಟುವಷ್ಟರಲ್ಲಿ ಅವಳ ತಲೆ ಅವನ ಭುಜಕ್ಕೆ ಒರಗಿತ್ತು. ಬಂಗಾರಪೇಟೆ ಬಂದಾಗ ಅವನೇ ಎಬ್ಬಿಸಿದ.

ಓಂಕಾರಪ್ಪ ಕುರ್ಚಿಯಲ್ಲೇ ಇದ್ದರು. ಕಾಂತರಾಜ್ ಬಿಲ್ಲೆ ತೋರಿಸಿ, "ಲೈನಲ್ಲಿ ಕೆಲಸ ಬಾಕಿ ಇದೆ ಸಾರ್" ಎಂದ. ಅವರು ಮಗಳ ಮುಖ ನೋಡಿದರು, ಅವನ ಮುಖ ನೋಡಿದರು. "ಮಾಡು" ಎಂದರು.

ಗುಡಿಸುವ ಗಾಡಿ ಹೊರಟಿತು. ಎಲೆಗಳ ಹಾಸಿಗೆ ಸೀಳಿಕೊಂಡು ಹುಣಸೆಮರದ ಹಿಂದೆ ಮರೆಯಾಗಿ, ಮತ್ತೆ ಕಾಣಿಸಿಕೊಂಡಿತು. ಅಲ್ಲಲ್ಲಿ ನಿಂತಾಗ ಕಾಂತರಾಜ್ ಬಗ್ಗಿ ಅಂಟು ಒರೆಸುತ್ತಿದ್ದ. ಶಶಿರೇಖ ಒಗೆಯುವ ಕಲ್ಲಿನ ಮೇಲೆ ಕೂತು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಈ ಹೊತ್ತಿನಲ್ಲಿ ತಾನು ಬಗ್ಗದೆ ಕೂತಿದ್ದೇನೆ, ತನ್ನ ಪಾಲಿನದನ್ನು ಇನ್ನೊಬ್ಬರು ಮಾಡುತ್ತಿದ್ದಾರೆ ಎನ್ನುವುದೇ ಜೋಗುಳದಂತಾಯಿತು.

ಅರೆನಿದ್ದೆಯಲ್ಲಿ ಅವನ ದನಿ ಕೇಳಿಸಿತು. "ಲೈನ್ ಕ್ಲಿಯರ್ ಸಾರ್. ಬಿಲ್ಲೆ ತಗೊಳ್ಳಿ. ಗಾಡಿ ಬಿಡ್ಲಾ?"

ಇಷ್ಟು ದಿನ ಆ ಗಾಡಿಗಾಗಿ ಕಾದು ಕೂತಿದ್ದ ಓಂಕಾರಪ್ಪ, ನೌಕರಿಯಲ್ಲಿದ್ದಷ್ಟು ಕಾಲ ತಮ್ಮಿಂದ ಯಾವ ರೈಲೂ ತಡವಾಗಿಲ್ಲವೆಂದು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದ ಓಂಕಾರಪ್ಪ, ಮೆಲ್ಲಗೆ ಅಂದರು:

"ಬ್ಯಾಡಪ್ಪ. ಸದ್ದಾಗ್ತದೆ. ಅವ್ಳು ಮಲಗವ್ಳೆ. ಗಾಡಿ ಲೇಟಾಗ್ಲಿ ಬಿಡು. ಬಿಲ್ಲೆ ನಿನ್ನ ತಾವೇ ಇರ್ಲಿ."

ಶಶಿರೇಖಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ, ಕಣ್ಣೂ ತೆರೆಯಲಿಲ್ಲ. ಯಾರೋ ಹತ್ತಿರ ಬಂದು, ಅವಳ ಜಡೆಯಿಂದ ಒಂದು ಎಲೆ ತೆಗೆದರು.