ಖಾಲಿ ಪತ್ರದ ತೂಕ

“ನಾನು ಕಳಿಸಿದೀನಿ ಸಾರ್. ನಂಬೋರು ಯಾರೂ ಇಲ್ಲ.”

ಹಾಸನದ ರಕ್ತಪರೀಕ್ಷಾ ಲ್ಯಾಬಿನ ಶ್ರೀಗೌರಿ ಹೀಗೆಂದು ಪಂಚಾಕ್ಷರಯ್ಯನವರ ಜಗಲಿಯ ಮೇಲೆ ಕುಳಿತದ್ದು 2001ರ ಆಗಸ್ಟ್‌ನಲ್ಲಿ. ಪಂಚಾಕ್ಷರಯ್ಯ ಮೂವತ್ತು ವರ್ಷ ತಂತಿ ಕಚೇರಿಯಲ್ಲಿ ದುಡಿದವರು. ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ನಾನು ಪತ್ರಿಕಾ ವರದಿಗಾರ, ಅವರ ಮನೆಯ ಬಾಡಿಗೆದಾರ. ಟಿಪ್ಪಣಿ ನನ್ನ ಪಾಲಿನ ಕೆಲಸ.

ಹೊಳೆನರಸೀಪುರದ ನರ್ಸಿಂಗ್ ಹೋಂನಲ್ಲಿದ್ದ ಪುಟ್ಟತಾಯಮ್ಮನ ರಕ್ತದಲ್ಲಿ ಪೊಟ್ಯಾಸಿಯಂ ಹೃದಯವೇ ನಿಲ್ಲುವಷ್ಟು ಮಿತಿಮೀರಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವರದಿಯನ್ನು ಈಮೇಲ್ ಮಾಡಿದೆನೆಂದು ಶ್ರೀಗೌರಿ ಹೇಳಿದಳು. ಅದು ಬರಲಿಲ್ಲವೆಂದು ಅಲ್ಲಿ ಚಿಕಿತ್ಸೆ ಶುರುಮಾಡದೆ ಕಾದರು. ಸಂಜೆ ಪುಟ್ಟತಾಯಮ್ಮ ತೀರಿಕೊಂಡರು. ಕಳಿಸಿದ್ದು ಶನಿವಾರದೊಳಗೆ ಸಾಬೀತಾಗದಿದ್ದರೆ ಶ್ರೀಗೌರಿಯ ಕೆಲಸ ಹೋಗುತ್ತಿತ್ತು.

“ನಿಮ್ಮಲ್ಲಿ ಪ್ರತಿ ಉಳಿಯಲ್ವೇನಮ್ಮ?”

“ವರದಿ ಇರುತ್ತೆ ಸಾರ್, ಕಳಿಸಿದ ಗುರುತು ಉಳಿಯಲ್ಲ. ಚನ್ನರಾಯಪಟ್ಟಣದ ಕಿಡ್ನಿ ಡಾಕ್ಟರಿಗೂ ಕಳಿಸಿದ್ದೆ. ರಜೆ ಮುಗಿಸಿ ಬುಧವಾರ ನೋಡಿದರಂತೆ, ಪೂರ್ತಿ ಇತ್ತಂತೆ. ‘ಅವರಿಗೆ ಕಳಿಸಿ ಇವರಿಗೆ ಮರೆತಿದೀಯ’ ಅಂತಾರೆ ನಮ್ಮ ಲ್ಯಾಬಿನವರು.”

“ಕಂಪ್ಯೂಟರಲ್ಲಿ ಈಮೇಲ್ ಮಾಡೋ ಪ್ರೋಗ್ರಾಂ ಮೂರು ಕಡೆಯೂ ಒಂದೇ ಕಂಪನೀದೋ?”

“ಚನ್ನರಾಯಪಟ್ಟಣದ್ದು ನಮ್ಮಲ್ಲಿರೋ ಕಂಪನೀದೇ. ಹೊಳೆನರಸೀಪುರದ್ದು ಬೇರೆ.”

ಗುರುವಾರ ನಾವು ನರ್ಸಿಂಗ್ ಹೋಂಗೆ ಹೋದೆವು. ಕಂಪ್ಯೂಟರ್ ನೋಡಿಕೊಳ್ಳುವ ಪಾಲಾಕ್ಷ, “ವರದಿ ಬಂದೇ ಇಲ್ಲ ಸಾ. ಆವತ್ತು ಯಾವ್ದೋ ಖಾಲಿ ಪತ್ರ ಬಂದಿತ್ತು, ಅಷ್ಟೆ” ಎಂದ. ಪಂಚಾಕ್ಷರಯ್ಯ ಪರದೆಗೆ ಮುಖ ಹಚ್ಚಿ, ಆ ಪತ್ರದ ಪಕ್ಕದ ಅಂಕಿಯೊಂದನ್ನು ನನ್ನಿಂದ ಬರೆಸಿಕೊಂಡರು: ನಲವತ್ತು ಕೆಬಿ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಅಲ್ಲೇ ಸೇರಿದರು. ಪುಟ್ಟತಾಯಮ್ಮನ ಮಗ ಸುದರ್ಶನ್, ಅರಕಲಗೂಡು ಕಡೆಯ ರೈತ, ಬಾಗಿಲಲ್ಲೇ ನಿಂತಿದ್ದ. “ಕಳಿಸ್ದೆ ಅಂತ ಅವ್ಳು, ಬರ್ನಿಲ್ಲ ಅಂತ ಇವ್ರು. ನಡುವೆ ನಮ್ಮವ್ವ ಓಗ್ಬುಟ್ಲು.”

“ಇಬ್ಬರೂ ನಿಜ ಹೇಳಿದ್ದಾರಪ್ಪ,” ಎಂದರು ಪಂಚಾಕ್ಷರಯ್ಯ. “ತಂತಿಯಲ್ಲಿ ಮೊದಲು ಪದಗಳ ಲೆಕ್ಕ ಬರೋದು, ಆಮೇಲೆ ಪದಗಳು. ಹನ್ನೆರಡು ಅಂದು ಹತ್ತೇ ಬಂದರೆ ಆ ಕ್ಷಣವೇ ಮತ್ತೆ ಕೇಳಬೇಕು. ಏನೂ ಇಲ್ಲದ ಪತ್ರಕ್ಕೆ ನಲವತ್ತು ಕೆಬಿ ತೂಕ ಎಲ್ಲಿಂದ ಬಂತು? ಬಂದ ಹೊತ್ತು ಸೋಮವಾರ ಹನ್ನೊಂದು ಗಂಟೆ ಎರಡು ನಿಮಿಷ. ಕಳಿಸಿದ್ದು ಹಾಸನದ ಲ್ಯಾಬು. ಇವತ್ತು ಬೆಳಿಗ್ಗೆ ಅದೇ ವರದಿಯನ್ನ ಎರಡೂ ಊರಿಗೆ ಮತ್ತೆ ಕಳಿಸೋಕೆ ಹೇಳಿದೆ. ಚನ್ನರಾಯಪಟ್ಟಣದಲ್ಲಿ ಪೂರ್ತಿ, ಇಲ್ಲಿ ಮತ್ತೆ ಖಾಲಿ. ಒಂದು ಕಂಪನಿ ತನ್ನದೇ ರೀತಿಯಲ್ಲಿ ಪತ್ರ ಮಡಚುತ್ತೆ. ಬಿಚ್ಚೋದು ಹೇಗಂತ ಇನ್ನೊಂದಕ್ಕೆ ಹೇಳಲ್ಲ. ವರದಿ ಈ ಪೆಟ್ಟಿಗೆಯೊಳಗೇ ಇತ್ತು.”

ಪಾಲಾಕ್ಷ ಪರದೆಯ ಮೇಲೆ ಆ ಖಾಲಿ ಪತ್ರವನ್ನು ಮತ್ತೆ ತೆರೆದ. “ಒಂದು ಫೋನ್ ಮಾಡ್ಬೌದಿತ್ತು ನಾನು.”

“ನಾನೂ ಮಾಡಬಹುದಿತ್ತು,” ಎಂದಳು ಶ್ರೀಗೌರಿ. “ಮೊದಲು ವರದಿ ಬಸ್ಸಲ್ಲಿ ಕಳಿಸ್ತಿದ್ವಿ. ಕಂಡಕ್ಟರ್, ಪಡೆದವರ ಸಹಿ ತಂದು ತೋರಿಸೋರು. ಕಂಪ್ಯೂಟರ್ ಬಂದ ಮೇಲೆ ಸಹಿ ಕೇಳೋದು ಬಿಟ್ವಿ.”

“ಅಂಗಾರೆ ನಾನು ಯಾರ್ ಮೇಲೆ ಸಿಟ್ಟು ಮಾಡ್ಕಳ್ಲಿ ಸಾ?” ಎಂದ ಸುದರ್ಶನ್.



ಪಂಚಾಕ್ಷರಯ್ಯ ಎರಡೂ ಕಂಪನಿಗಳಿಗೆ ಅಲ್ಲೇ ನನ್ನಿಂದ ಪತ್ರ ಬರೆಸಿದರು: ತಂತಿಯಲ್ಲಿ ಕಟ್ಟು-ಕಡ ಎಂದು ಬಡಿಯುವ ಚುಕ್ಕಿ-ಗೆರೆಗಳ ಸಂಕೇತ ಎಲ್ಲರಿಗೂ ತೆರೆದ ಪುಸ್ತಕವಾಗಿತ್ತು, ನಿಮ್ಮ ಪತ್ರವ್ಯವಹಾರದ ನಿಯಮಗಳನ್ನೂ ಹಾಗೆಯೇ ಬರೆದು ಪ್ರಕಟಿಸಿ, ಬೇರೆಯವರ ಯಂತ್ರಗಳೂ ಓದಲಿ. ‘ಒಬ್ಬ ರೋಗಿ ತೀರಿಕೊಂಡರು’ ಎಂದು ನಾನು ಬರೆಯುವಾಗ ಸುದರ್ಶನ್ ತಡೆದ.

“ರೋಗಿ ಅನ್ಬ್ಯಾಡಿ ಸಾ. ಎಸ್ರು ಬರೀರಿ.”

ಬರೆದೆ. ಶ್ರೀಗೌರಿಯ ಕೆಲಸ ಉಳಿಯಿತು. ಒಂದು ಕಂಪನಿಯಿಂದ ಎರಡು ತಿಂಗಳ ಮೇಲೆ ಉತ್ತರ ಬಂತು: ಅದು ವ್ಯಾಪಾರದ ಗುಟ್ಟು, ಕೊಡಲಾಗದು. ಪುಟ್ಟತಾಯಮ್ಮನ ಹೆಸರು ಆ ಉತ್ತರದಲ್ಲಿ ಎಲ್ಲಿಯೂ ಇರಲಿಲ್ಲ.