ಆಮೆ ಬಿಡಿಸಿದ ಬಾಗಿಲು

ಬಹಳ ಹಿಂದೆ, ಸೂರ್ಯ ಇನ್ನೂ ಎಳೆಯವನಾಗಿದ್ದಾಗ, ಮಣಿಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಶಾಲೆಯಲ್ಲಿ ಒಂದು ಕಂಪ್ಯೂಟರ್ ಕೋಣೆ. ಯಾವ ಪುಸ್ತಕದಲ್ಲೂ ಇಲ್ಲ, ನಾನು ಕಣ್ಣಾರೆ ಕಂಡದ್ದು. ಒಂದೊಂದು ಕಂಪ್ಯೂಟರ್ ಆನೆಮರಿಯಷ್ಟು. ಪರದೆಯ ಮೇಲೆ ಹಸಿರು ಆಮೆ. ಹೇಳಿದತ್ತ ನಡೆಯುತ್ತಾ ಗೆರೆ ಎಳೆಯುತ್ತಿತ್ತು. ಕಲಿಸುತ್ತಿದ್ದವರು ಗಂಗೂಬಾಯಿ ಟೀಚರು.

ಧೂಳಾಸುರ ಎಂಬ ಮಾಂತ್ರಿಕನಿಗೆ ಮಕ್ಕಳ ನಗು ಕೇಳಿದರೆ ಹೊಟ್ಟೆಯುರಿ. ಒಂದು ದಿನ ಬಂದು ಉಫ್ ಎಂದು ಊದಿದ. ಕಂಪ್ಯೂಟರುಗಳೆಲ್ಲ ತುಕ್ಕಿನ ಪುಡಿಯಾದವು. ಟೀಚರು ಆಮೆಯ ಲೋಕದೊಳಗೆ ಸಿಕ್ಕಿಬಿದ್ದರು. ಆ ಕೋಣೆ ಇದ್ದ ಹಾಗೆಯೇ ಮತ್ತೆ ಎದ್ದರೆ ಅವರಿಗೆ ಬಿಡುಗಡೆ, ಮೂರು ಸಲ ತಪ್ಪಿದರೆ ಎಂದೆಂದಿಗೂ ಇಲ್ಲ ಎಂದು ಹೇಳಿ, ಹೊಸ್ತಿಲ ಮೇಲೆ ಕುಳಿತುಬಿಟ್ಟ.

ಮೂವತ್ತು ವರ್ಷ ಕಳೆಯಿತು. ಅಲ್ಲಿ ಓದಿದ್ದ ಚನ್ನವೀರ ಹಪ್ಪಳದಷ್ಟು ತೆಳ್ಳಗಿನ ಹೊಸ ಕಂಪ್ಯೂಟರ್ ತಂದ. ಹೊಸದಕ್ಕೆ ಹಳೆಯದರ ವೇಷ ಹಾಕುವ ವಿದ್ಯೆ ಅವನಿಗೆ ಗೊತ್ತಿತ್ತು. ವೇಷ ಹಾಕಿದ. ಪರದೆ ಕಪ್ಪಾಯಿತು, ಹಸಿರು ಆಮೆ ಬಂತು. ನಡೆ ಎಂದ. ಆಮೆ ಚಿರತೆಯ ಹಾಗೆ ಓಡಿ, ಪರದೆಯ ಅಂಚಿನಿಂದ ಹಾರಿ, ಮೂರು ಊರಾಚೆ ಹೋಗಿ ಬಿತ್ತು. ಅದನ್ನು ಬೆನ್ನಟ್ಟಿ ಹಿಡಿದು ತಂದದ್ದು ನಾನೇ.

ಎರಡನೆಯ ಸಲ ಚನ್ನವೀರ ವೇಗ ಇಳಿಸಿದ, ಹಳೆಯ ಗುಂಯ್ ಸದ್ದನ್ನೂ ಸೇರಿಸಿದ. ಆಮೆ ಮೆಲ್ಲಗೆ ಎರಡು ಹೆಜ್ಜೆ ಇಟ್ಟು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಎಲ್ಲ ಇದೆ, ಏನೋ ಇಲ್ಲ. ಏನು ಇಲ್ಲವೆಂದು ತಿಳಿಯದು. ಇದು ಆ ಕೋಣೆಯೋ, ಕೋಣೆಯ ಕನಸೋ, ಅದೂ ತಿಳಿಯದು. ಉಳಿದದ್ದು ಒಂದೇ ಸಲ. ಧೂಳಾಸುರ ಕಡ್ಡಿಯಿಂದ ಹಲ್ಲು ಕೆದಕುತ್ತಾ ಕಾಯುತ್ತಿದ್ದ.

ತಲೆ ಕೆಟ್ಟ ಚನ್ನವೀರ, ಜೊತೆಗೆ ಓದಿದ್ದ ರುಕ್ಮವ್ವ ಮತ್ತು ಇಮಾಮಸಾಬನ ಬಳಿ ಹೋಗಿ ಗೋಳು ತೋಡಿಕೊಂಡ.

ರುಕ್ಮವ್ವ ಕೇಳಿದಳು: "ನೀನು ಒಬ್ಬನೇ ಕೂತಿದ್ದೆಯೇನೋ?"

"ಹೂಂ."

"ಒಂದು ಕಂಪ್ಯೂಟರಿಗೆ ಮೂವರಲ್ಲವೇನೋ ನಾವು? ನಿನ್ನನ್ನು ತಿವಿದು ಎಬ್ಬಿಸದೆ ನನ್ನ ಪಾಳಿ ಯಾವತ್ತಾದರೂ ಬಂದಿತ್ತಾ?"

ಮೂವರೂ ಕೋಣೆಗೆ ಬಂದು ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು. ಇಮಾಮಸಾಬನ ಹೊಟ್ಟೆಗೇ ಅರ್ಧ ಬೆಂಚು ಹೋಯಿತು. ಅವನು ಅಕ್ಷರ ಓದಿ ಹೇಳಿದ, ಚನ್ನವೀರ ಒತ್ತಿದ, ರುಕ್ಮವ್ವ ಏಳೋ ಏಳೋ ಎಂದು ತಿವಿದಳು. ಜಗಳ ಹತ್ತಿತು. ಆ ಗದ್ದಲ ಕೇಳಿ ಆಮೆ ತಲೆ ಹೊರಹಾಕಿ, ಪರದೆಯ ಮೇಲೆ ಒಂದು ಬಾಗಿಲು ಬಿಡಿಸಿತು. ಬಳಿಕ ನೆಲಕ್ಕಿಳಿದು ಧೂಳಾಸುರನ ಸುತ್ತ ನಾಲ್ಕು ಗೆರೆ ಎಳೆಯಿತು. ಚೌಕದೊಳಗೆ ಸಿಕ್ಕವನು ಸೀನಿ ಸೀನಿ ಚಿಟಿಕೆ ಧೂಳಾದ. ರುಕ್ಮವ್ವ ಗುಡಿಸಿ ಹಾಕಿದಳು.

ಬಾಗಿಲು ತೆರೆದು ಟೀಚರು ಬಂದರು. ಒಳಗೆ ಅವರಿಗೆ ಅರ್ಧ ಗಂಟೆ ಮಾತ್ರ ಕಳೆದಿತ್ತು. ಇಪ್ಪತ್ತೈದರ ಹರೆಯ, ಕೈಯಲ್ಲಿ ಚಾಕ್‌ಪೀಸು. ಕೂದಲು ನರೆತ ಮೂವರನ್ನು ಕಂಡು ಅವರಿಗೆ ಗಲಿಬಿಲಿಯಾಯಿತು. ತಂದೆತಾಯಿಯರನ್ನು ಒಳಗೆ ಬಿಡುವುದಿಲ್ಲ, ಮಕ್ಕಳೆಲ್ಲಿ ಎಂದು ಕೇಳಿದರು.

ಮೂವರೂ ಕುಳಿತಲ್ಲೇ ಅರ್ಧ ಬಗ್ಗಿದರು. ಮಗಳ ವಯಸ್ಸಿನವರ ಕಾಲಿಗೆ ಬೀಳುವುದೋ ಬಿಡುವುದೋ? ಕೊನೆಗೆ ಇಮಾಮಸಾಬ ಎದ್ದು ಕೈಕಟ್ಟಿ ನಿಂತ.

"ನಾವೇ ಟೀಚರ್."

ಟೀಚರು ಒಬ್ಬೊಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದರು. ಕಣ್ಣೊರೆಸಿಕೊಂಡರು.

"ಎಷ್ಟು ತಡವಾಗಿ ಬಂದಿದ್ದೀರಿ," ಎಂದರು. "ಕೂತ್ಕೊಳ್ಳಿ."

ಪಾಠ ಮುಂದುವರಿಯಿತು. ಮಣಿಗಿರಿಯವರು ಇಂದಿಗೂ ಹಾಯಾಗಿದ್ದಾರೆ. ಕೇಳಿದ ನೀವೂ ಹಾಯಾಗಿರಿ.